ಬೀಗದವನ ಹಿತ್ತಿಲಲ್ಲಿ ಅಳಿಲು

"ಯಾರ್ರೀ ಅದು, ನಮ್ಮನೆ ಗೋಡೆಗೆ ಮೊಳೆ ಹೊಡೀತಿರೋದು?"

ಹಿತ್ತಿಲ ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ನಿಂತಿದ್ದವಳು ಬೆಚ್ಚಿಬಿದ್ದು ಸುತ್ತಿಗೆ ಕೈಬಿಟ್ಟಳು. ಅದು ಕೂಗಿದವನ ಕಾಲ್ಬೆರಳಿಗೆ ಕೂದಲೆಳೆಯಷ್ಟು ದೂರದಲ್ಲಿ ಬಿತ್ತು. ತುಟಿಗಳ ನಡುವೆ ಎರಡು ಮೊಳೆ ಕಚ್ಚಿಕೊಂಡಿದ್ದರಿಂದ ಅವಳಿಗೆ ಕ್ಷಮೆ ಕೇಳಲೂ ಆಗಲಿಲ್ಲ, ಜಗಳ ಆಡಲೂ ಆಗಲಿಲ್ಲ.

ಮೊಳೆಗಳನ್ನು ಅಂಗೈಗೆ ಉಗುಳಿ ಹೇಳಿದಳು, "ಆಸ್ಪತ್ರೆಯವಳು. ಎರಡು ದಿನ ಆಯ್ತು ಬರೋಕೆ ಶುರು ಮಾಡಿ. ಫಿಜಿಯೋ. ನಿಮ್ಮ ತಾಯಿಗೆ ಎಕ್ಸರ್‌ಸೈಜ್ ಮಾಡಿಸೋಕೆ."

"ತಾಯಿ ಅಲ್ಲ, ನಮ್ಮತ್ತೆ. ಎಕ್ಸರ್‌ಸೈಜ್‌ಗೂ ಮೊಳೆಗೂ ಏನ್ರೀ ಸಂಬಂಧ?"

"ನಿಮ್ಮ ಮಿಸೆಸ್ ಬರ್ಲಿ, ಅವರಿಗೇ ವಿವರವಾಗಿ ಹೇಳ್ತೀನಿ. ಎಲ್ಲಿಗೆ ಹೋಗಿದಾರೆ?"

ಅವನು ಬಗ್ಗಿ ಸುತ್ತಿಗೆ ಎತ್ತಿಕೊಂಡ. ಹಿಡಿಯನ್ನು ಅವಳ ಕಡೆ ಮಾಡಿ ಚಾಚಿದ. "ತೀರ್ಕೊಂಡ್ಳು," ಎಂದ. "ಹೊಡೀರಿ. ಆದ್ರೆ ಸ್ವಲ್ಪ ಎಡಕ್ಕೆ. ಈಗ ಹೊಡೀತಿರೋ ಕಡೆ ಗೋಡೆ ಟೊಳ್ಳು."

ಅವಳಿಗೆ ಸ್ಟೂಲಿನ ಸಮೇತ ನೆಲದೊಳಗೆ ಇಳಿದುಹೋಗಬೇಕು ಅನ್ನಿಸಿತು. ಸುತ್ತಿಗೆ ತೆಗೆದುಕೊಳ್ಳುವಾಗ ಮೊದಲ ಸಲ ಅವನ ಮುಖ ನೋಡಿದಳು. ಅವನು ಅವಳನ್ನು ನೋಡಲಿಲ್ಲ. ಕಿಟಕಿಯ ಒಳಗೆ ಮಲಗಿದ್ದ ಅತ್ತೆಗೆ ಆ ಮಾತು ಕೇಳಿಸಿತೋ ಏನೋ ಎಂದು ಇಣುಕುತ್ತಿದ್ದ.

ಬೀದಿಯ ಕೊನೆಯಲ್ಲಿ ಅವನದು ಬೀಗ ರಿಪೇರಿಯ ಪುಟ್ಟ ಅಂಗಡಿ. ಎಲ್ಲರ ಬಾಯಲ್ಲೂ ಅವನು ಬೀಗದವನೇ. ಹೆಂಡತಿ ಹೋದ ಮೇಲೆ, ಇನ್ನು ಅವಳ ತಾಯಿಯ ಗತಿ ಏನು, ಇದ್ದವಳು ಒಬ್ಬಳೇ ಮಗಳಲ್ಲವೇ ಎಂದು ಬಂಧುಬಳಗ ಪಿಸುಗುಟ್ಟುತ್ತಿತ್ತು. ಅವನು ಯಾರಿಗೂ ಏನೂ ಹೇಳದೆ ಅತ್ತೆಯ ಕೋಣೆಗೆ ಹೊಸ ಫ್ಯಾನು ಹಾಕಿಸಿದ. ಅಲ್ಲಿಗೆ ಆ ಮಾತು ಮುಗಿಯಿತು.

ಆ ಅತ್ತೆ ಈಗ ಬಚ್ಚಲಲ್ಲಿ ಜಾರಿ, ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ ಮಲಗಿದ್ದರು. ಗೋಡೆಗೆ ಮುಖ ಮಾಡಿದವರು ಈಚೆ ತಿರುಗುತ್ತಿರಲಿಲ್ಲ. ಕಾಲು ಎತ್ತಿ ಎಂದರೆ, "ನಿನ್ನ ಕಸರತ್ತು ನೀನೇ ಮಾಡ್ಕೋ ಹೋಗು," ಎನ್ನುತ್ತಿದ್ದರು. ಆ ಮನೆಯಲ್ಲಿ ಅವಳಿಗೆ ಅದೇ ಹೆಸರು ಅಂಟಿಕೊಂಡಿತು. ಕಸರತ್ತು.

ಅದಕ್ಕೇ ಕಸರತ್ತು ಹಕ್ಕಿಗೆ ಕಾಳಿಡುವ ಬರ್ಡ್ ಫೀಡರ್ ತಂದಿದ್ದು, ಅದಕ್ಕೇ ಆ ಮೊಳೆ. ಪಾರದರ್ಶಕ ಪ್ಲಾಸ್ಟಿಕ್ ಕೊಳವೆ, ತುಂಬ ಕಾಳು, ಕಾಳು ಕುಕ್ಕಲು ಸಣ್ಣ ಸಣ್ಣ ತೂತು. ಬೇಕೆಂದೇ ಅದನ್ನು ಕಿಟಕಿಯ ಮೂಲೆಗೆ ನೇತು ಹಾಕಿದಳು. ಮಲಗಿದ್ದರೆ ಬರೀ ಚಿಲಿಪಿಲಿ ಕೇಳಿಸಬೇಕು, ನೋಡಬೇಕೆಂದರೆ ಎದ್ದು ಕೂತು ಸೊಂಟ ತಿರುಗಿಸಬೇಕು.

ಗುಬ್ಬಿಗಳು ಬಂದವು. ಅತ್ತೆ ತಿರುಗಲಿಲ್ಲ.

ಆಮೇಲೆ ಅಳಿಲು ಬಂತು. ಗೋಡೆಯಿಂದ ತಲೆಕೆಳಗಾಗಿ ಇಳಿದು, ಗುಬ್ಬಿಗಳನ್ನು ಓಡಿಸಿ, ಕೊಳವೆಯನ್ನು ಅಪ್ಪಿಕೊಂಡು ತಿನ್ನತೊಡಗಿತು. ಬೀಗದವ "ಹುಶ್! ಹುಶ್!" ಎಂದು ಟವೆಲ್ ಬೀಸಿದ. ಟವೆಲ್ ಫೀಡರಿಗೆ ಸಿಕ್ಕಿ, ಅಷ್ಟೂ ಕಾಳು ಅವನ ತಲೆಯ ಮೇಲೇ ಸುರಿಯಿತು.

ಒಳಗಿನಿಂದ ಗೊಗ್ಗರು ದನಿಯ ನಗು ಕೇಳಿಸಿತು. ಅತ್ತೆ ಮೊಣಕೈ ಊರಿ ಎದ್ದು ಕೂತಿದ್ದರು.

"ಊರವರ ಬೀಗ ಎಲ್ಲಾ ತೆಗೀತೀರಿ ಅಳಿಯಂದ್ರೇ, ಬೊಗಸೆಯಷ್ಟು ಪ್ರಾಣಿ ತಡೆಯೋಕೆ ಆಗ್ಲಿಲ್ವಾ?"

ಆಮೇಲೆ ಅದು ಅವನಿಗೆ ಮರ್ಯಾದೆಯ ಪ್ರಶ್ನೆಯಾಯಿತು. ಹಿತ್ತಿಲ ನಡುವೆ ಕಬ್ಬಿಣದ ಕಂಬ ನೆಟ್ಟು ಫೀಡರನ್ನು ಅದರ ತುದಿಗೆ ಹಾಕಿದ, ಕಂಬಕ್ಕೆ ಗ್ರೀಸ್ ಬಳಿದ. ಅಳಿಲು ಎರಡು ಸಲ ಸರ್ರನೆ ಜಾರಿತು. ಮಧ್ಯಾಹ್ನದ ಹೊತ್ತಿಗೆ ಗ್ರೀಸಿಗೆ ಧೂಳು ಮೆತ್ತಿಕೊಂಡಿತು, ಅಳಿಲು ಮೆಟ್ಟಿಲು ಹತ್ತಿದ ಹಾಗೆ ಹತ್ತಿಹೋಯಿತು. ಕಂಬದ ನಡುವೆ ಪ್ಲಾಸ್ಟಿಕ್ ಬೋಗುಣಿ ಬೋರಲು ಹಾಕಿದ. ಅಳಿಲು ಬಟ್ಟೆ ಒಣಗಿಸುವ ತಂತಿಯಿಂದ ನೇರ ಫೀಡರಿಗೆ ಹಾರಿತು.

ಪ್ರತಿ ಸೋಲಿಗೂ ಅತ್ತೆ ಇನ್ನಷ್ಟು ನೆಟ್ಟಗೆ ಕೂತರು. ಕಾಲು ಕೆಳಗಿಟ್ಟರು. ವಾಕರ್ ಹಿಡಿದು ಕಿಟಕಿಯವರೆಗೆ ಬಂದರು. "ಅಳಿಯ, ಅಳಿಲು, ಇಬ್ರಿಗೂ ಒಂದೇ ಬುದ್ಧಿ. ಬೇಡ ಅಂದಷ್ಟೂ ಜಾಸ್ತಿ," ಎನ್ನುವರು. ಕಸರತ್ತು ನಗುವಳು. ಬೀಗದವ ಗ್ರೀಸಿನ ಕೈ ಒರೆಸಿಕೊಳ್ಳುತ್ತಾ ಅವಳನ್ನು ಓರೆಗಣ್ಣಲ್ಲಿ ನೋಡುವನು. ಅವಳು ನೋಡಿದರೆ ಕಂಬ ನೋಡುವನು.

ಅವಳು ಅಕ್ಕನ ಮನೆಯಲ್ಲಿದ್ದಳು. ಮುಂದಿನ ಕೋಣೆಯಲ್ಲಿ ಇಸ್ತ್ರಿ ಟೇಬಲ್ಲಿನ ಪಕ್ಕ ಅವಳ ಹಾಸಿಗೆ. ಬೆಳಗ್ಗೆ ಸ್ಕೂಟರ್ ಹೊರಗೆ ತೆಗೆಯುವಾಗ, ಇವತ್ತು ಆ ಮನೆಯ ಪಾಳಿ ಇದೆಯೇ ಎಂದು ಮನಸ್ಸು ತಾನಾಗಿಯೇ ಲೆಕ್ಕ ಹಾಕತೊಡಗಿದ್ದು ಯಾವಾಗಿನಿಂದ ಎಂದು ಅವಳಿಗೂ ತಿಳಿಯದು.

ಯಾರೋ ಅವನಿಗೆ ಹೇಳಿದರು, ಹಕ್ಕಿಗೆ ಖಾರ ತಿಳಿಯುವುದಿಲ್ಲ, ಅಳಿಲಿಗೆ ತಿಳಿಯುತ್ತದೆ ಎಂದು. ಅವನು ಕಂಬದ ಕೆಳಗೆ ಕೂತು ಕಾಳಿಗೆ ಮೆಣಸಿನಪುಡಿ ಬೆರೆಸುತ್ತಿದ್ದಾಗ ಗಾಳಿ ಬೀಸಿತು.

"ಅಯ್ಯೋ, ಕಣ್ಣು!"

"ಉಜ್ಜಬೇಡಿ! ಕೈ ತೆಗೀರಿ. ಕೈ ತೆಗೀರಿ ಅಂದೆ!"

ನಲ್ಲಿಯ ಬಳಿಗೆ ಎಳೆದೊಯ್ದು ಅವನ ತಲೆ ಹಿಂದಕ್ಕೆ ಬಾಗಿಸಿ ಮಗ್ಗಿನಿಂದ ನೀರು ಸುರಿದಳು.

"ಕಣ್ಣು ಬಿಡಿ."

"ಆಗ್ತಿಲ್ಲ."

"ಬಿಡ್ರೀ. ನನ್ನ ನೋಡಿ."

ಅವನು ನೋಡಿದ. ಕಣ್ಣು ಕೆಂಡದ ಹಾಗೆ ಕೆಂಪಾಗಿತ್ತು. ಅವನ ಗಲ್ಲದಿಂದ ಇಳಿದ ನೀರು ಅವಳ ಮಣಿಕಟ್ಟಿನಿಂದ ತೋಳಿನವರೆಗೆ ಹರಿಯಿತು. ರೆಪ್ಪೆಯನ್ನು ಅವಳು ಹೆಬ್ಬೆರಳಿನಲ್ಲಿ ಮೆಲ್ಲಗೆ ಎತ್ತಿ ಹಿಡಿದಿದ್ದಳು. ಮಗ್ಗಿನ ನೀರು ಮುಗಿಯಿತು. ಉರಿಯೂ ಇಳಿದಿರಬೇಕು. ಆದರೂ ಅವನು ಕಣ್ಣು ಮುಚ್ಚಲಿಲ್ಲ, ಅವಳು ಹೆಬ್ಬೆರಳು ತೆಗೆಯಲಿಲ್ಲ.

ಕಿಟಕಿಯಲ್ಲಿ ನಗು ನಿಂತುಹೋಗಿತ್ತು.

ಅವಳು ತಿರುಗಿ ನೋಡಿದಾಗ ಅತ್ತೆ ಪರದೆ ಎಳೆಯುತ್ತಿದ್ದರು.

ಮುಂದಿನ ಸಲ ಹೋದಾಗ ಅತ್ತೆ ಅವಳಿಗಾಗಿ ಕಾದು ಕೂತಿದ್ದರು. "ನಾನು ಒಬ್ಬಳೇ ನಡೆಯೋ ಹಾಗಾದ್ರೆ ನೀನು ಬರೋದು ನಿಲ್ಲುತ್ತಾ?"

"ಹೌದಮ್ಮಾ. ಆಮೇಲೆ ನನ್ನ ಅಗತ್ಯ ಇರಲ್ಲ."

"ಸರಿ. ಹೇಳು, ಏನು ಮಾಡ್ಬೇಕು?"

ಬೇಡ ಬೇಡ ಎನ್ನುತ್ತಿದ್ದವರು ಈಗ ಹಲ್ಲು ಕಚ್ಚಿ ಕಾಲು ಎತ್ತಿದರು. ಇನ್ನೂ ಐದು ಸಲ ಎಂದರೆ ಹತ್ತು ಸಲ ಎತ್ತಿದರು. ಹಣೆಯ ಮೇಲೆ ಬೆವರು ಒಡೆಯುತ್ತಿತ್ತು, ಕಣ್ಣು ಮಾತ್ರ ಅವಳ ಮೇಲೆ. "ತುಂಬಾ ಚೆನ್ನಾಗಿ ಮಾಡ್ತಿದೀರಿ," ಎಂದು ಕಸರತ್ತು ಹುರಿದುಂಬಿಸುತ್ತಿದ್ದಳು. ಅದು ಅವಳ ಕೆಲಸ. ಆದರೆ ಆ ಹೆಜ್ಜೆ ಒಂದೊಂದೂ ಅವಳನ್ನು ಗೇಟಿನ ಕಡೆಗೆ ತಳ್ಳುತ್ತಿತ್ತು. ಅದು ಇಬ್ಬರಿಗೂ ಗೊತ್ತಿತ್ತು.

ಬೀಗದವನೂ ದೂರವಾದ. ಅವಳು ಹೊರಟ ಮೇಲೇ ಊಟಕ್ಕೆ ಬರತೊಡಗಿದ. ಹಿತ್ತಿಲಲ್ಲಿ ಮಾತ್ರ ಅವನ ಹೊಸ ಕೈಚಳಕ ಕಾಣಿಸಿಕೊಂಡಿತು. ಫೀಡರಿನ ಸುತ್ತ ತಂತಿಯ ಪಂಜರ, ಗುಬ್ಬಿ ನುಸುಳುವಷ್ಟೇ ಕಿಂಡಿ. ಕಂಬವನ್ನೂ ಕೈಗೆಟುಕುವಷ್ಟು ಗಿಡ್ಡ ಮಾಡಿದ್ದ. ಪಂಜರ ಇರುವಾಗ ಎತ್ತರವೇಕೆ ಎಂದುಕೊಂಡಿರಬೇಕು.

ಅವತ್ತು ಅವಳು ಕೋಣೆಗೆ ಕಾಲಿಟ್ಟರೆ ಹಾಸಿಗೆ ಖಾಲಿ.

"ಅಮ್ಮಾ?"

ಬಚ್ಚಲು ನೋಡಿದಳು, ಅಡುಗೆಮನೆ ನೋಡಿದಳು. ಹಿಂಬಾಗಿಲು ಹಾರು ಹೊಡೆದಿತ್ತು. ಮೆಟ್ಟಿಲ ಕೆಳಗೆ ವಾಕರ್ ಮಗುಚಿ ಬಿದ್ದಿತ್ತು.

ಅತ್ತೆ ಹಿತ್ತಿಲ ನಡುವೆ ಕಂಬವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ನಿಂತಿದ್ದರು. ಅವರ ಮುಖದ ಮಟ್ಟದಲ್ಲಿ ಪಂಜರದೊಳಗೆ ಅದೇ ಅಳಿಲು ಕೀಚ್ ಕೀಚ್ ಎನ್ನುತ್ತಿತ್ತು. ಖಾಲಿ ಹೊಟ್ಟೆಯಲ್ಲಿ ನುಸುಳಿದ್ದು ಕಂಠಪೂರ್ತಿ ತಿಂದು ಹೊರಬರಲಾಗದೆ ಸಿಕ್ಕಿಬಿದ್ದಿತ್ತು.

"ಬೆಳಗ್ಗೆಯಿಂದ ಒಂದೇ ಸಮ ಅಳ್ತಿದೆ," ಎಂದರು ಅತ್ತೆ. "ಬಿಡಿಸೋಣ ಅಂತ ಬಂದೆ. ಈಗ ತಿರುಗೋಕೂ ಆಗ್ತಿಲ್ಲ."

ಅವಳು ಓಡಿಹೋಗಿ ಹಿಂದಿನಿಂದ ಅವರನ್ನು ಬಳಸಿ ಹಿಡಿದಳು. ನೆಲಕ್ಕೆ ಕೂರಿಸಿದರೆ ಸೊಂಟದ ಕೀಲು ಜಾರುವ ಭಯ, ಒಬ್ಬಳೇ ಎತ್ತಲಾರಳು. ಫೋನು ಒಳಗೆ ಬ್ಯಾಗಿನಲ್ಲಿ. ಎರಡು ಸಲ ಕೂಗಿದಳು, ಅಕ್ಕಪಕ್ಕದಲ್ಲಿ ಯಾರೂ ಓಗೊಡಲಿಲ್ಲ.

"ಅವರು ಊಟಕ್ಕೆ ಬರೋವರೆಗೆ ಹೀಗೇ ನಿಲ್ಲೋಣ. ನನ್ನ ಮೇಲೆ ಭಾರ ಬಿಡಿ."

"ಬಿಡಲ್ಲ."

"ಕಾಲು ಸೋಲುತ್ತೆ ಅಮ್ಮಾ. ಬಿಡಿ."

"ನನ್ನ ಭಾರ ಹೊರೋಕೆ ನೀನ್ಯಾರೇ ನನಗೆ?" ಅತ್ತೆ ಸಿಡುಕಿದರು. ಆಮೇಲೆ ದನಿ ಮುರಿಯಿತು. "ಮಗಳೇ ಇಲ್ಲದ ಮನೇಲಿ ಅಳಿಯನ ಅನ್ನ ತಿಂತಿದೀನಿ. ನಾಳೆ ನೀನು ಬಂದ್ರೆ ನಾನೆಲ್ಲಿಗೆ ಹೋಗ್ಲಿ?"

ಅತ್ತೆಯ ಎದೆ ಹಕ್ಕಿಯ ಎದೆಯ ಹಾಗೆ ಹೊಡೆದುಕೊಳ್ಳುವುದು ಕಸರತ್ತಿನ ತೋಳಿಗೆ ತಿಳಿಯುತ್ತಿತ್ತು.

"ನಾನು ಅಕ್ಕನ ಮನೇಲಿರೋದು," ಎಂದಳು. "ಭಾವ ಬಂಗಾರದಂಥವರು. ಆದ್ರೂ ಫ್ರಿಜ್ ಬಾಗಿಲು ಸದ್ದಾಗದ ಹಾಗೆ ತೆಗೀತೀನಿ ಅಮ್ಮಾ. ಇನ್ನೊಬ್ಬರ ಮನೇಲಿ ಇರೋದು ಅಂದ್ರೆ ಏನು ಅಂತ ನನಗೆ ಹೇಳಿಕೊಡಬೇಕಾಗಿಲ್ಲ."

ಅತ್ತೆ ಕಂಬದ ಮೇಲಿನ ಹಿಡಿತ ಬದಲಿಸಿದರು.

"ಅವರು ನನ್ನನ್ನ ಏನೂ ಕೇಳಿಲ್ಲ. ಕೇಳಿದ್ರೆ ಹ್ಞೂಂ ಅಂತೀನಿ. ನಿಮ್ಮ ಹತ್ರ ಸುಳ್ಳು ಹೇಳಲ್ಲ. ಆದ್ರೆ ನೀವಿಲ್ಲದ ಮನೆಗೆ ಬರಲ್ಲ."

"ಯಾಕೆ, ಪುಣ್ಯ ಕಟ್ಕೊಳ್ಳೋಕಾ?"

"ಅಲ್ಲ. ನಿಮ್ಮನ್ನ ಬಿಟ್ಟುಬಿಡೋ ಗಂಡಸಾಗಿದ್ರೆ ಅವರು ನನಗೆ ಬೇಕೇ ಆಗ್ತಿರ್ಲಿಲ್ಲ."

ಆಮೇಲೆ ಆ ಮುದಿಜೀವದ ಭಾರ ಸ್ವಲ್ಪ ಸ್ವಲ್ಪವಾಗಿ, ಒಲ್ಲದ ಮನಸ್ಸಿನಿಂದ, ಅವಳ ಎದೆಗೆ ಒರಗಿತು.

"ಅತ್ತೇ!"

ಹಿಂಬಾಗಿಲಲ್ಲಿ ಬೀಗದವ. ಮುಖ ಸುಣ್ಣದ ಹಾಗೆ ಬಿಳುಚಿತ್ತು. ಒಂದೇ ನೆಗೆತಕ್ಕೆ ಬಂದು ಅತ್ತೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಹಾಸಿಗೆಯ ಮೇಲೆ ಮಲಗಿಸಿದ. ಆಮೇಲೆ ಅವಳ ಕಡೆ ತಿರುಗಿದ.

"ಮೆಟ್ಟಿಲು ಇಳಿಸಿದ್ರಾ ಇವರನ್ನ? ಯಾರನ್ನ ಕೇಳಿ? ಬಿದ್ದಿದ್ರೆ? ನನಗೆ ಇರೋರು ಇವರೊಬ್ಬರೇ ಅನ್ನೋದಾದ್ರೂ ಗೊತ್ತಾ ನಿಮಗೆ?"

ಅವಳು ಅತ್ತೆಯನ್ನು ನೋಡಿದಳು. ಅತ್ತೆಯೂ ಅವಳನ್ನು ನೋಡಿದರು. ಒಂದೇ ಒಂದು ಮಾತು ಸಾಕಿತ್ತು. ಅತ್ತೆ ಮೆಲ್ಲಗೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.

"ನಾಳೆಯಿಂದ ಬರೋದು ಬೇಡ," ಎಂದ ಬೀಗದವ.

ಕಸರತ್ತು ಬ್ಯಾಗು ಹೆಗಲಿಗೇರಿಸಿದಳು. ಇಳಿಸಿದ್ದು ನಾನಲ್ಲ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. ಹೆದರಿದ ಜೀವ ಹೊದ್ದುಕೊಂಡ ಮೌನವನ್ನು ಕಿತ್ತುಕೊಳ್ಳಲು ಅವಳಿಗೆ ಮನಸ್ಸು ಬರಲಿಲ್ಲ. ಗೇಟು ದಾಟಿ ಸ್ಕೂಟರಿಗೆ ಕೀ ಹಾಕಲು ಹೋದಳು. ಕಣ್ಣು ಮಂಜಾಗಿ ಕೀ ತೂತಿಗೆ ಕೂರಲೇ ಇಲ್ಲ.

ಒಳಗಿನಿಂದ ಅತ್ತೆಯ ದನಿ ಜೋರಾಗಿ ಕೇಳಿಸಿತು. ಮಾತು ಬಿಡಿಸಿ ತಿಳಿಯಲಿಲ್ಲ. ಆಮೇಲೆ ಬರಿಗಾಲಿನ ಹೆಜ್ಜೆ ಓಡಿ ಬಂದವು.

"ನಿಲ್ಲಿ." ಬೀಗದವ ಸ್ಕೂಟರಿನ ಹ್ಯಾಂಡಲ್ ಹಿಡಿದುಕೊಂಡ. ಏದುಸಿರು ಬಿಡುತ್ತಿದ್ದ. "ಅತ್ತೆ ತಾವೇ ಇಳಿದು ಹೋದ್ರಂತೆ. ನೀವು ಹಿಡ್ಕೊಳ್ದೇ ಇದ್ದಿದ್ರೆ ಬಿದ್ದುಹೋಗ್ತಿದ್ದೆ ಅಂದ್ರು. ನೀವ್ಯಾಕೆ ಸುಮ್ಮನಿದ್ರಿ?"

"ಅವರು ಸುಮ್ಮನಿದ್ರಲ್ಲ."

ಅವನು ತಲೆ ತಗ್ಗಿಸಿದ. "ತಪ್ಪಾಯ್ತು. ಹೆದರಿಬಿಟ್ಟಿದ್ದೆ."

"ಇನ್ನೇನಾದ್ರೂ ಹೇಳಿದ್ರಾ?"

"ಹ್ಞೂಂ."

"ಏನು?"

"ಎಲ್ಲಾ."

ಅವಳ ಮುಖಕ್ಕೆ ರಕ್ತ ನುಗ್ಗಿತು. ಮತ್ತೆ ಕೀ ತೂರಿಸಲು ಹೋದಳು. ಅವನ ಕೈ ಅವಳ ಕೈಯ ಮೇಲೆ ಬಂತು, ಅಲ್ಲೇ ನಿಂತಿತು.

"ಅಂಗಡಿಯಿಂದ ನಿಮ್ಮ ಸ್ಕೂಟರ್ ಕಾಣುತ್ತೆ," ಎಂದ. ಅವಳ ಕಣ್ಣು ನೋಡದೆ, ಬೆರಳು ನೋಡುತ್ತಾ. "ಅದು ಹೋದ ಮೇಲೆ ಊಟಕ್ಕೆ ಬರ್ತಿದ್ದೆ. ಊಟ ಮಾತ್ರ ಸೇರ್ತಿರ್ಲಿಲ್ಲ. ಇವತ್ತು ಹೊತ್ತು ಮೀರಿದ್ರೂ ಅದು ಕದಲಲಿಲ್ಲ ಅಂತ ಓಡಿ ಬಂದೆ. ಮಗಳನ್ನ ಮರೆತ ಅಂತ ಅತ್ತೆ ನೊಂದ್ಕೋತಾರೆ ಅನ್ನೋ ಭಯ. ಅವರಿಗೆ ನೋಡಿದ್ರೆ, ಎಲ್ಲಿ ಮನೆ ಬಿಡಬೇಕಾಗುತ್ತೋ ಅನ್ನೋ ಭಯವಂತೆ. ಒಂದೇ ಸೂರಿನ ಕೆಳಗೆ ಇದ್ದೀವಿ, ಒಬ್ಬರಿಗೊಬ್ಬರು ಹೇಳಿಕೊಂಡಿಲ್ಲ."

"ಅಳಿಯಂದ್ರೇ!" ಕಿಟಕಿಯಿಂದ ಕೂಗು ಬಂತು. "ನಿಮ್ಮ ಮಾತು ಆಮೇಲೆ ಆಡ್ಕೊಳ್ಳಿ. ಮೊದ್ಲು ಆ ಪ್ರಾಣಿ ಬಿಡಿಸ್ರೀ!"

ಇಬ್ಬರೂ ಹಿತ್ತಿಲಿಗೆ ಓಡಿದರು. ಅವನು ಇಕ್ಕಳದಿಂದ ತಂತಿ ಕತ್ತರಿಸಿದ, ಅವಳು ಅಳಿಲಿಗೆ ಗೀರದ ಹಾಗೆ ತುದಿಗಳನ್ನು ಅಗಲಿಸಿ ಹಿಡಿದಳು. ಕಿರಿದಾದ ಜಾಗದಲ್ಲಿ ನಾಲ್ಕು ಕೈ. ಬೆರಳಿಗೆ ಬೆರಳು ತಾಗಿದಾಗ ಯಾರೂ ಹಿಂದೆಗೆಯಲಿಲ್ಲ. ಅಳಿಲು ಹೊರಬಂದು ಕಂಬದ ಮೇಲೆ ಕೂತಿತು. ಓಡಲು ಹೊಟ್ಟೆ ಬಿಡಲಿಲ್ಲ. ಬಾಲ ಒಂದು ಸಲ ಕೊಡವಿ, ಮೆಲ್ಲಗೆ ಕೆಳಗಿಳಿದು, ಗೋಡೆಯ ಬುಡದಲ್ಲಿ ಮಾಯವಾಯಿತು.

ಅವನು ಇಕ್ಕಳ ಜೇಬಿಗಿಟ್ಟ.

"ಬರ್ತೀಯಾ ಈ ಮನೆಗೆ?"

'ನೀವು' ಬಿದ್ದುಹೋಗಿದ್ದು ಅವಳ ಕಿವಿಗೆ ತಾಗಿತು. ಅವಳು ಕಿಟಕಿಯ ಕಡೆ ನೋಡಿದಳು. ಅತ್ತೆ ಎದ್ದು ಕೂತಿದ್ದರು, ಕಣ್ಣು ಒದ್ದೆಯಾಗಿತ್ತು, ಗತ್ತು ಮಾತ್ರ ಒಂಚೂರೂ ಇಳಿದಿರಲಿಲ್ಲ.

"ನನ್ನ ಮುಖ ಏನು ನೋಡ್ತೀಯಾ? ಕೇಳಿದ್ದು ಅವರು, ಅವರಿಗೆ ಹೇಳು. ನನಗೂ ಕೇಳಿಸೋ ಹಾಗೆ ಹೇಳು."

"ಬರ್ತೀನಿ," ಎಂದಳು ಅವಳು, ಕಿಟಕಿಯವರೆಗೂ ಮುಟ್ಟುವಷ್ಟು ಜೋರಾಗಿ.