ಅರ್ಧ ಗಂಟೆಯ ದೂರು

“ಇಪ್ಪತ್ತೊಂದು ತಲೆ ಇರಬೇಕು, ಹತ್ತೊಂಬತ್ತೇ ಇವೆ. ಉಳಿದೆರಡು ನೀವೇನಾ?”

ಬಸ್ಸಿನ ಬಾಗಿಲಲ್ಲಿ ಹಳದಿ ಕೊಡೆ ಹಿಡಿದ ಗೈಡ್ ನಕ್ಕಾಗ ಅವಳ ಎದೆ ಒಮ್ಮೆ ತಾಳ ತಪ್ಪಿತು. ಮೊದಲ ಸಲ ಕಂಡ ಪರದೇಶದ ಊರು... ಅಲ್ಲಿ ತನ್ನದೇ ಭಾಷೆಯ ಕೀಟಲೆ! ಜೊತೆಗಿದ್ದ ಸೋದರತ್ತೆ ಮೊಣಕೈಯಿಂದ ತಿವಿದರು.

ಮೂರು ದಿನ ಅವನು ಊರು ತೋರಿಸಿದ. ನದಿಯ ಮೇಲಿನ ಕಲ್ಲುಸೇತುವೆ, ಒಲೆಯಿಂದ ಆಗಷ್ಟೇ ಇಳಿದ ಬ್ರೆಡ್ಡಿನ ವಾಸನೆಯ ಬೀದಿ, ಮೀನು ಮಾರುವವರ ಜಗಳ. ಎಲ್ಲರ ತಟ್ಟೆ ತುಂಬುವ ತನಕ ಅವನು ತುತ್ತು ಮುಟ್ಟುತ್ತಿರಲಿಲ್ಲ. ಅದನ್ನೇ ನೋಡುತ್ತ ಅವಳ ಸೂಪು ಆರುತ್ತಿತ್ತು.

ಮೂರನೆಯ ಮಧ್ಯಾಹ್ನ ಊಟವಾದ ಮೇಲೆ ಎಲ್ಲರನ್ನೂ ಗಂಟೆ ಗೋಪುರದ ಬುಡದಲ್ಲಿ ನಿಲ್ಲಿಸಿ, ಈಗ ಬಂದೆ ಎಂದು ಹೋದವನು ಅರ್ಧ ಗಂಟೆ ಬರಲಿಲ್ಲ. ಸುಡುಬಿಸಿಲು. ಗೋಪುರದ ಬಾಗಿಲೂ ಮುಚ್ಚಿತು. ಅತ್ತೆ ಸೆರಗನ್ನು ಬಾಯಿಗಿಟ್ಟುಕೊಂಡು ನಿಂತಿದ್ದರು.

ಬಂದವನ ಅಂಗಿಯ ತುಂಬ ಎಣ್ಣೆಯ ಕಲೆ. ಎಲ್ಲಿ ಹೋಗಿದ್ದಿರಿ ಎಂದು ಕೇಳಿದಳು. ಅವನು ತಲೆ ತಗ್ಗಿಸಿದ.

ನಮ್ಮನ್ನು ಬಿಸಿಲಿಗೆ ಬಿಟ್ಟು ತಿಂದುಂಡು ಬಂದನೇ...

ಮನಸ್ಸಿಟ್ಟವಳಿಗೆ ಮುನಿಸು ಬೇಗ. ಸಂಜೆ ಅಭಿಪ್ರಾಯದ ಚೀಟಿಯಲ್ಲಿ ಬರೆದೇಬಿಟ್ಟಳು: ‘ಗೈಡ್ ನಮ್ಮನ್ನು ನಡುಬೀದಿಯಲ್ಲಿ ಬಿಟ್ಟುಹೋದರು.’

ಮರುಬೆಳಗ್ಗೆ ಹಳದಿ ಕೊಡೆ ಬೇರೊಬ್ಬನ ಕೈಯಲ್ಲಿತ್ತು. ದೂರು ಬಂದಿದೆ, ಹಳಬನನ್ನು ಆಫೀಸಿಗೆ ಕರೆಸಿದ್ದಾರೆ, ಕೆಲಸ ಉಳಿಯುವುದು ಕಷ್ಟ ಎಂದ ಹೊಸಬ. ಅವಳು ಅತ್ತೆಯ ಕೈ ಹಿಡಿದು ಪಕ್ಕಕ್ಕೆ ಎಳೆದಳು. ದೂರು ತನ್ನದೇ ಎಂದು ಅತ್ತೆಗೆ ತೊದಲುತ್ತ ಹೇಳಿದಳು.

ಅತ್ತೆ ಬಸ್ಸಿನ ಮೆಟ್ಟಿಲ ಮೇಲೆ ಕೂತು ಹಣೆ ಚಚ್ಚಿಕೊಂಡರು.

“ಸೂಪಿಗೆ ಹಲ್ಲು ಯಾಕೆ ಅಂತ ಸೆಟ್ಟು ತೆಗೆದು ಪೇಪರ್ ನ್ಯಾಪ್ಕಿನ್ನಲ್ಲಿ ಸುತ್ತಿಟ್ಟಿದ್ದೆ ಕಣೇ. ಮರೆತು ಎದ್ದುಬಂದೆ. ಯಾರಿಗೂ ಹೇಳಬೇಡಪ್ಪ ಅಂತ ಅವನ ಹತ್ರ ಮಾತು ತಗೊಂಡೆ. ಹೋಟೆಲಿನ ಕಸದ ಡಬ್ಬಕ್ಕೆ ಕೈ ಹಾಕಿ ತಂದುಕೊಟ್ಟ...”

ಅಯ್ಯೋ, ಬಾಯಿಬಿಟ್ಟು ಕೇಳಿದೆ, ಕಿವಿಗೊಟ್ಟು ಕಾಯಲಿಲ್ಲವಲ್ಲ!

ಇಬ್ಬರೂ ಆಫೀಸಿಗೆ ಓಡಿದರು. ಬೆಂಚಿನ ಮೇಲೆ, ಕಲೆ ಹೋಗದ ಅದೇ ಅಂಗಿಯಲ್ಲಿ ಅವನಿದ್ದ; ಕೊಟ್ಟ ಮಾತನ್ನು ಇನ್ನೂ ಬಿಟ್ಟಿರಲಿಲ್ಲ. ಬರೆದದ್ದು ತಪ್ಪು ಎಂದು ಅವಳೆಷ್ಟು ಹೇಳಿದರೂ ಮೇಲ್ವಿಚಾರಕಿ ನಂಬಲಿಲ್ಲ. ಆಗ, ಮನೆಮಂದಿಗೂ ಬೋಳು ಬಾಯಿ ತೋರಿಸದ ಅತ್ತೆ, ನಡೆದದ್ದನ್ನೆಲ್ಲ ಹೇಳಿ ಹಲ್ಲಿನ ಸೆಟ್ಟು ತೆಗೆದು ಮೇಜಿನ ಮೇಲಿಟ್ಟರು.

ಮೇಲ್ವಿಚಾರಕಿ ಅದನ್ನು ನೋಡಿದಳು, ಅವನ ಅಂಗಿಯ ಕಲೆ ನೋಡಿದಳು, ಚೀಟಿ ಹರಿದಳು.

ಎದುರಿನ ಹೋಟೆಲಿನಲ್ಲಿ ಅವಳು ಮೊದಲ ತಟ್ಟೆಯನ್ನು ಅವನ ಮುಂದಿಟ್ಟಳು.

“ನಿಮ್ಮ ಅನ್ನಕ್ಕೇ ಕಲ್ಲು ಹಾಕ್ದೆ. ನೀವು ತಿನ್ನೋ ತನಕ ನಾನು ಮುಟ್ಟಲ್ಲ.”

“ಒಂದೇ ದಿನಕ್ಕೆ ಆ ತಪ್ಪು ತೀರುತ್ತಾ?”

ಅವಳ ಕಣ್ಣು ತುಂಬಿತು. “ಇಲ್ಲ... ದಿನಾ ಕಾಯ್ತೀನಿ.”

ಅವನು ಬ್ರೆಡ್ಡು ಮುರಿದು ಅರ್ಧವನ್ನು ಅವಳ ಕಡೆ ಸರಿಸಿದ.

“ಹಾಗಾದ್ರೆ ಒಟ್ಟಿಗೇ ತಿನ್ನೋಣ. ದಿನಾ.”