ಗ್ಯಾರೇಜಿನ ಹೊರಗಿನ ತಾಡಪತ್ರಿ

ಮಂಗಳವಾರ ಬೆಳಿಗ್ಗೆ ಎಂಟೂವರೆಗೆ ಗಂಗಾವತಿಯ ಠಾಣೆಗೆ ಬಂದ ಅಮರಪ್ಪ, ಕುರ್ಚಿಯಲ್ಲಿ ಕೂರುವ ಮೊದಲೇ ಆರೋಪಿಯ ಹೆಸರು ಹೇಳಿದರು.

"ಮಂಜೂರ. ಬೆಂಕಿ ಹಚ್ಚಿದಾಂವ ಅವನ. ಬರಕೊಳ್ರಿ ಮೇಡಂ."

ಪಿಎಸ್‌ಐ ಶಿವಲೀಲಾ ಪೆನ್ನು ಕೆಳಗಿಟ್ಟಳು. "ಮೊದಲ ಏನಾತು ಅಂತ ಹೇಳ್ರಿ. ಯಾರು ಅನ್ನೋದು ಆಮ್ಯಾಲೆ."

ಅಮರಪ್ಪ ಬೀಜ-ಗೊಬ್ಬರದ ವ್ಯಾಪಾರಿ. ಕಾಲುವೆ ಪಕ್ಕದ ಹೊಸ ಬಡಾವಣೆಯಲ್ಲಿ ದೊಡ್ಡ ಮನೆ, ಮುಂದೆ ಹಸಿರು ಹುಲ್ಲುಹಾಸು. ಗ್ಯಾರೇಜಿಗೆ ಹೊಸ ಕಾರು ಬಂದ ಮೇಲೆ ಹುಲ್ಲು ಕತ್ತರಿಸುವ ಮಷಿನ್, ಔಷಧಿ ಹೊಡೆಯುವ ಪಂಪು, ನೀರಿನ ಪೈಪು, ಸಲಿಕೆ, ಗುದ್ದಲಿ, ಒಡೆದ ಕುಂಡ ಎಲ್ಲವೂ ಹೊರಗೆ ಬಿದ್ದಿದ್ದವು. ಪಕ್ಕದ ಮನೆಯ ಕಡೆಯ ಕಾಂಪೌಂಡ್ ಗೋಡೆಗೆ ಒರಗಿಸಿ, ಮೇಲೆ ನೀಲಿ ಪ್ಲಾಸ್ಟಿಕ್ ತಾಡಪತ್ರಿ ಹೊದಿಸಿದ್ದರು. ಸೋಮವಾರ ಸಂಜೆ ಏಳರ ಸುಮಾರಿಗೆ ಆ ರಾಶಿಗೆ ಬೆಂಕಿ ಬಿದ್ದಿತ್ತು. ತೋಟದ ಕೆಲಸದ ಯಮನೂರ ಮಷಿನ್ ಹೊರಗೆಳೆಯಲು ಹೋಗಿ ಎರಡೂ ಕೈ ಸುಟ್ಟುಕೊಂಡು ಆಸ್ಪತ್ರೆ ಸೇರಿದ್ದ.

"ಮಂಜೂರ ಅಂದ್ರ ಯಾರು?"

"ಯಮನೂರನಕಿಂತ ಮೊದಲ ನಮ್ಮಲ್ಲಿ ಇದ್ದಾಂವ. ಮಷಿನ್ ಬ್ಲೇಡ್ ಮುರದ, ಕೆಲಸ ಬಿಡಿಸಿದೆ. ಗೇಟಿಗೆ ಬಂದು ಬಾಯಿಗೆ ಬಂದಂಗ ಒದರಿ ಹೋಗ್ಯಾನ. ಇಡೀ ಓಣಿ ಕೇಳೇತಿ."

ಬೆಂಕಿ ಹಚ್ಚಿ ನಷ್ಟ ಮಾಡಿದ ಬಗ್ಗೆ ಭಾರತೀಯ ನ್ಯಾಯ ಸಂಹಿತೆಯ ಕಲಂ 326(ಎಫ್) ಅಡಿ ಎಫ್‌ಐಆರ್ ದಾಖಲಾಯಿತು. ಹತ್ತೂವರೆಗೆ ಶಿವಲೀಲಾ, ಹೆಡ್ ಕಾನ್‌ಸ್ಟೆಬಲ್ ಕಲ್ಲೇಶ, ಮಹಿಳಾ ಕಾನ್‌ಸ್ಟೆಬಲ್ ರಂಜಿತಾ ಮೂವರೂ ಸ್ಥಳಕ್ಕೆ ಹೋದರು. ಇಬ್ಬರು ಪಂಚರನ್ನು ಕರೆಸಿ ಪಂಚನಾಮೆ ಶುರು ಮಾಡಿದರು.

ಮನೆಗೆ ಒಂದೇ ಕ್ಯಾಮೆರಾ ಇತ್ತು. ಅದು ಗ್ಯಾರೇಜಿನ ಬಾಗಿಲ ಕಡೆ ಮುಖ ಮಾಡಿತ್ತು.

"ಈ ಕಡಿ ಕಾಣಂಗಿಲ್ಲೇನ್ರಿ?" ಎಂದ ಕಲ್ಲೇಶ.

"ಅದು ಕಾರ್ ನೋಡ್ಕೊಳ್ಳಾಕ ಹಾಕ್ಸಿದ್ದು," ಎಂದರು ಅಮರಪ್ಪ.

ಶಿವಲೀಲಾ ಬೂದಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಸಾಮಾನು ಎತ್ತಿಸಿದಳು. ಕರಗಿದ ಪ್ಲಾಸ್ಟಿಕ್ ಡಬ್ಬಿಯ ತಳವೊಂದು ಸಿಕ್ಕಿತು. ಮೂಸಿದಳು.

"ಇದೇನ್ರಿ?"

"ಪೆಟ್ರೋಲ್ ಡಬ್ಬಿ. ಮಷಿನ್‌ಗೆ ಬೇಕಲ್ರಿ."

"ಫಿರ್ಯಾದಿನ್ಯಾಗ ಹೇಳಲಿಲ್ಲ ನೀವು."

"ನೀವು ಕೇಳಲಿಲ್ಲ."

ಅವಳು ಹಲ್ಲು ಕಚ್ಚಿಕೊಂಡು ಬರೆಸಿದಳು. ಮಷಿನ್ನಿನ ಕಬ್ಬಿಣದ ಅಡಿಯಲ್ಲಿ ಅರ್ಧ ಸುಟ್ಟ ಬಿದಿರಿನ ಗಳ ಸಿಕ್ಕಿತು. ತುದಿಗೆ ಬಟ್ಟೆ ಸುತ್ತಿತ್ತು. ಜೇಡರ ಬಲಿ ತಗಿಯೋ ಗಳ ಇದ್ದೀತು ಎಂದರು ಅಮರಪ್ಪ. ಅದನ್ನೂ ಹಾಗೆಯೇ ಬರೆದು, ಫೋಟೊ ತೆಗೆದು, ಚೀಲಕ್ಕೆ ಹಾಕಿ ಮುದ್ರೆ ಒತ್ತಿದರು.

ಓಣಿಯಲ್ಲಿ ಯಾರೂ ಏನೂ ನೋಡಿರಲಿಲ್ಲ. ಎದುರು ಮನೆಯವರು ವಾಸನೆ ಬಂದ ಮೇಲೆ ಹೊರಗೆ ಬಂದಿದ್ದರಂತೆ. ಎಡಮಗ್ಗುಲಿನ ಮನೆ ಹಳೆಯದು, ಎತ್ತರದ ಕಟ್ಟೆಯ ಮೇಲಿತ್ತು. ಅಲ್ಲಿಯ ಹೊನ್ನೂರಪ್ಪ ನಿವೃತ್ತ ಲೈನ್‌ಮನ್. ಬಾಗಿಲಲ್ಲೇ ಅಡ್ಡ ನಿಂತು, "ಟಿವಿ ಹಚ್ಚಿತ್ರಿ, ಏನೂ ಗೊತ್ತಾಗಲಿಲ್ಲ," ಎಂದ. ಒಳಗೆ ಬನ್ನಿ ಅನ್ನಲಿಲ್ಲ.

ಮಧ್ಯಾಹ್ನ ಮಂಜೂರನನ್ನು ಕರೆತಂದರು.

"ಸೋಮವಾರ ಸಂಜಿ ಎಲ್ಲಿದ್ದಿ?"

"ಕನಕಗಿರ್ಯಾಗ. ಅಕ್ಕನ ಮನಿಗೆ ತಗಡು ಹೊದಿಸಾಕ ಹೋಗಿದ್ದೆ."

"ಬೆಂಕಿ ಹಚ್ತೀನಿ ಅಂತ ಗೇಟಿನ ಮುಂದ ಒದರಿದಿ?"

"ನಿಮ್ಮ ಹುಲ್ಲು ಒಣಗಿ ಹೋಗ್ಲಿ ಅಂತ ಒದರಿದೆ. ಬೆಂಕಿ ಸುದ್ದಿ ತಗದಿಲ್ಲ."

ಕಲ್ಲೇಶ ಬುಧವಾರ ಕನಕಗಿರಿಗೆ ಹೋಗಿ ಬಂದ. ಮಂಜೂರನ ಜೊತೆ ಮಾಡಿನ ಮೇಲೆ ಕೆಲಸ ಮಾಡಿದ ಇಬ್ಬರು, ಕೆಳಗಿನ ಚಹಾದಂಗಡಿಯವನು, ಮೂವರೂ ಕತ್ತಲಾಗುವ ತನಕ ಅವನು ಅಲ್ಲೇ ಇದ್ದನೆಂದು ಹೇಳಿಕೆ ಕೊಟ್ಟಿದ್ದರು. ಅದನ್ನು ಓದಿ ಮುಗಿಸುವಷ್ಟರಲ್ಲಿ ಡಿವೈಎಸ್‌ಪಿ ಸಾಹೇಬರ ಫೋನು ಬಂತು.

"ದ್ವೇಷ ಐತಿ, ಬೆದರಿಕಿ ಹಾಕ್ಯಾನ. ಇನ್ನೂ ಏನ್ ನೋಡಾಕ ಹತ್ತೀರಿ?"

"ಅವ ಊರಾಗ ಇರಲಿಲ್ಲ ಸರ್."

"ಅವರ ಕಡಿ ಮಂದಿ ಹಂಗ ಹೇಳ್ತಾರ. ಅಮರಪ್ಪ ಮೂರು ಸಲ ಫೋನ್ ಮಾಡ್ಯಾರ ನನಗ. ಲಗೂ ಮುಗಸ್ರಿ."

ಫೋನಿಟ್ಟ ಶಿವಲೀಲಾ ರಂಜಿತಾ ತಂದ ಚಹಾವನ್ನು ಪಕ್ಕಕ್ಕೆ ಸರಿಸಿದಳು. ಲೋಟ ವಾಲಿ ಹೇಳಿಕೆಯ ಮೇಲೆಲ್ಲ ಚೆಲ್ಲಿತು. "ಯಾರು ಇಲ್ಲಿ ಇಡು ಅಂದ್ರು?" ಎಂದು ಆ ಹುಡುಗಿಯ ಮೇಲೆ ಹರಿಹಾಯ್ದಳು. ತಾನೇ ಸರಿಸಿದ್ದೆಂದು ಗೊತ್ತಿತ್ತು. ಹೊರಗಿನ ಬೆಂಚಿನಲ್ಲಿ ಮಂಜೂರ ಬೆಳಗಿನಿಂದ ಕೂತಿದ್ದ. ಸಂಜೆ ಮನೆಗೆ ಕಳಿಸುವುದು, ಬೆಳಿಗ್ಗೆ ಮತ್ತೆ ಬಾ ಅನ್ನುವುದು. ಬಿಡುವಂತಿಲ್ಲ, ಹಿಡಿಯುವಂತಿಲ್ಲ. ಅವನ ಮುಖ ನೋಡಿದಷ್ಟೂ ಅವಳಿಗೆ ಸಿಟ್ಟು ಬರುತ್ತಿತ್ತು. ಆ ಸಿಟ್ಟು ಅವನ ಮೇಲಿನದಂತೂ ಅಲ್ಲ.

ಗುರುವಾರ ಮಧ್ಯಾಹ್ನ ಮೂರನೆಯ ಸಲ ಯಮನೂರನನ್ನು ಕೇಳಲು ಆಸ್ಪತ್ರೆಗೆ ಹೋದಳು. ಹಿಂದಿನ ಎರಡು ಸಲವೂ ಅವನು "ನೋಡಿಲ್ರಿ" ಅನ್ನುವುದರ ಆಚೆ ಒಂದು ಮಾತು ಆಡಿರಲಿಲ್ಲ. ನರ್ಸ್ ಅವನ ಕೈಗೆ ಪಟ್ಟಿ ಬದಲಿಸುತ್ತಿದ್ದಳು. ಬಿಳಿಯ ಜಾಳು ಬಟ್ಟೆ ಸುತ್ತು ಸುತ್ತಾಗಿ ಬಿಚ್ಚಿಕೊಳ್ಳುತ್ತಿತ್ತು. ಅಲ್ಲಲ್ಲಿ ಔಷಧದ ಕಂದು ಕಲೆ.

ಶಿವಲೀಲಾ ಮೊಬೈಲ್ ತೆಗೆದು ಗಳದ ಫೋಟೊ ಹಿಗ್ಗಿಸಿದಳು. ಸುಡದೆ ಉಳಿದ ತುಣುಕಿನಲ್ಲಿ ಅದೇ ಜಾಳು ನೇಯ್ಗೆ, ಅದೇ ಕಂದು ಕಲೆ.

"ಈ ಗಳ ನಿಂದೇನು?"

"ಅಲ್ರಿ."

"ಜೇಡರ ಬಲಿ ತಗಿಯಾಕ ಇಟ್ಟಿದ್ದಲ್ಲ?"

"ಅಲ್ರಿ."

"ಮತ್ತ ಯಾರದು?"

ಯಮನೂರ ಗೋಡೆಯ ಕಡೆ ಹೊರಳಿದ.

"ಮಂಜೂರನ್ನ ಒಳಗ ಹಾಕ್ರಿ ಅಂತ ಎಲ್ಲಾರೂ ನನ್ನ ಬೆನ್ನ ಹತ್ಯಾರ. ನೀ ಬಾಯಿ ಬಿಡದಿದ್ರ ಅವ ಹೋಗ್ತಾನ ನೋಡು."

ನರ್ಸ್ ಪಟ್ಟಿ ಕಟ್ಟಿ ಹೋದಳು. ಶಿವಲೀಲಾ ಏಳುವಾಗ ಯಮನೂರ ಹೇಳಿದ: "ಎಡಮಗ್ಗಲ ಮನ್ಯಾಗ ಒಳಗ ಹೋಗಿ ನೋಡ್ರಿ. ನನಗ ಮುಂದ ಕೇಳಬ್ಯಾಡ್ರಿ. ಆಕಿ ನನಗ ದಿನಾ ಊಟಾ ನೀಡಿದಾಕಿ."

ಹೊನ್ನೂರಪ್ಪ ಈ ಸಲವೂ ಬಾಗಿಲಿಗೆ ಅಡ್ಡ ನಿಂತಿದ್ದ. ಶಿವಲೀಲಾಳ ಮುಖ ನೋಡಿ ಸರಿದ. ಒಳಕೋಣೆಯಲ್ಲಿ, ಕಿಟಕಿಗೆ ಹತ್ತಿದ ಮಂಚದ ಮೇಲೆ ಅವನ ಹೆಂಡತಿ ಮುದಕಮ್ಮ ಕಾಲು ಚಾಚಿ ಕೂತಿದ್ದಳು. ಬಲಗಾಲಿಗೆ ಮೊಣಕಾಲ ತನಕ ಪಟ್ಟಿ.

"ಏನಾಗೇತಿ?"

"ಹಾವು," ಎಂದ ಹೊನ್ನೂರಪ್ಪ. "ಕೊಳಕಮಂಡಲ. ಮಳಿಗಾಲದಾಗ. ಗ್ವಾಡಿ ಮಗ್ಗಲ ಹೂ ಹರಿಯಾಕ ಹೋಗಿದ್ಲು. ಆ ತಾಡಪತ್ರಿ ಬುಡಕಿಂದ ಗ್ವಾಡಿ ಸಂದ್ಯಾಗ ಹಾದು ಬಂತು, ಅದರ ಬುಡಕ ಹೋತು. ಕೊಪ್ಪಳದ ದವಾಖಾನ್ಯಾಗ ಒಂದು ತಿಂಗಳು ಇದ್ವಿ. ಜೀವ ಉಳೀತು, ಪಾದ ಅರ್ಧ ಹೋತು." ಅವನು ಕೈ ಮುಂದೆ ಚಾಚಿದ. "ನಾನ ಹಚ್ಚೀನ್ರಿ. ಕರಕೊಂಡು ನಡೀರಿ."

"ಹೆಂಗ ಹಚ್ಚಿದಿ?"

"ಗೇಟ್ ತಗದು ಒಳಗ ಹೋಗಿ ಕಡ್ಡಿ ಗೀರಿದೆ."

"ಗೇಟಿಗೆ ಕೀಲಿ ಇತ್ತು. ಒಳಗ ಯಮನೂರ ಇದ್ದ."

"ಗ್ವಾಡಿ ಹಾರಿದೆ."

"ಈ ವಯಸ್ಸಿಗೆ? ಗಳ ಯಾಕ ತಗೊಂಡು ಹೋದಿ ಮತ್ತ?"

"ಯಾವ ಗಳ?" ಎಂದ ಹೊನ್ನೂರಪ್ಪ. ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ.

ಶಿವಲೀಲಾ ಕಿಟಕಿಯ ಹತ್ತಿರ ಹೋದಳು. ಕಟ್ಟೆ ಎತ್ತರದ್ದಾದ್ದರಿಂದ ಕಾಂಪೌಂಡ್ ಗೋಡೆ ಕೆಳಗಾಗಿ, ಅದರಾಚೆಯ ಕರಿ ಬೂದಿ ಪೂರ್ತಿ ಕಾಣುತ್ತಿತ್ತು. ಗಳವೊಂದು ಚಾಚಿದರೆ ಮುಟ್ಟುವಷ್ಟು ದೂರ. ಕಿಟಕಿಯ ಎರಡನೆಯ ಸರಳಿನ ಬುಡದಲ್ಲಿ ಮಸಿ ಹತ್ತಿತ್ತು. ಬೆರಳಿಟ್ಟು ನೋಡಿದಳು, ಬೆರಳಿಗೆ ಬಂತು.

"ಸಾಕು ಬಿಡ್ರಿ," ಎಂದಳು ಮುದಕಮ್ಮ. "ಆ ಮನಿಶಾಗ ಸುಳ್ಳು ಹೇಳಾಕ ಬರಂಗಿಲ್ಲ. ಆಗ ಅವ್ರು ಹೊರಗ ಟಿವಿ ಮುಂದಿದ್ರು. ನಾನ ಹಚ್ಚೀನಿ. ಇಲ್ಲೇ ಮೂಲ್ಯಾಗಿದ್ದ ಅರಬಿ ಒಣಹಾಕೋ ಗಳಕ್ಕ ಹಳೇ ಪಟ್ಟಿ ಸುತ್ತಿ, ದೀಪದ ಎಣ್ಣಿ ಹಾಕಿದೆ."

ಹೊನ್ನೂರಪ್ಪ ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

ಹೊತ್ತು ಮುಳುಗಿತ್ತು. ಹೆಣ್ಣುಮಗಳನ್ನು ಸೂರ್ಯಾಸ್ತದ ನಂತರ ದಸ್ತಗಿರಿ ಮಾಡುವಂತಿರಲಿಲ್ಲ. ಕಿಟಕಿಯ ಸರಳಿಗೆ ಪಂಚನಾಮೆ ಮಾಡಿಸಿ, ಹೇಳಿಕೆ ಬರೆದುಕೊಂಡು ಶಿವಲೀಲಾ ಠಾಣೆಗೆ ಮರಳಿದಳು. ಬೆಂಚಿನ ಮೇಲಿದ್ದ ಮಂಜೂರನಿಗೆ, "ಮನಿಗೆ ಹೋಗು. ನಾಳೆ ಬರೋದು ಬ್ಯಾಡ," ಎಂದಳು. ಯಾಕೆ ಅಂತಲೂ ಕೇಳದೆ ಅವನು ಎದ್ದು ಹೋದ.

ಸುದ್ದಿ ತಿಳಿದು ಅಮರಪ್ಪ ಠಾಣೆಗೆ ಬಂದರು. "ಆ ಮುದುಕಿ? ಎಷ್ಟು ಸಲ ಸಮಾಧಾನ ಹೇಳೀನ್ರಿ ಅವರಿಗೆ!"

"ಏನಂತ ಹೇಳಿದ್ರಿ?"

"ಆ ಸಾಮಾನು ಒಳಗ ಇಟ್ರ ಕಾರಿಗೆ ಗೀರು ಬೀಳ್ತಾವು, ಸ್ವಲ್ಪ ತಡೀರಿ, ಒಂದು ಶೆಡ್ ಹಾಕಸ್ತೀನಿ ಅಂತ."

"ಹಾವು ಕಡದಿದ್ದು ನಿಮಗ ಗೊತ್ತಿತ್ತು. ಮಂಗಳವಾರನ ಅದನ್ನ ಹೇಳಿದ್ರ ಮಂಜೂರ ಮೂರು ದಿನ ಇಲ್ಲಿ ಕೂಡ್ತಿರಲಿಲ್ಲ."

"ಹಾವಿಗೂ ಬೆಂಕಿಗೂ ಏನ್ ಸಂಬಂಧ್ರಿ?"

ಶಿವಲೀಲಾ ಕಲ್ಲೇಶನನ್ನು ಕರೆದಳು. ಪೆಟ್ರೋಲನ್ನು ಬಯಲಲ್ಲಿ ನಿರ್ಲಕ್ಷ್ಯದಿಂದ ಇಟ್ಟ ಬಗ್ಗೆ ಕಲಂ 287 ಅಡಿ ಅವರ ಮೇಲೂ ಪ್ರಕರಣ ಬರೆಸಿದಳು. ಅರ್ಧ ಗಂಟೆಯಲ್ಲಿ ಡಿವೈಎಸ್‌ಪಿ ಸಾಹೇಬರ ಫೋನು ಬಂತು.

"ಫಿರ್ಯಾದಿ ಕೊಟ್ಟವನ ಮ್ಯಾಲೇ ಕೇಸ್ ಹಾಕೀರೇನು?"

"ಹೌದು ಸರ್. ಎಫ್‌ಐಆರ್ ಆಗೇತಿ."

ಆ ಕಡೆ ಬೈಗುಳ ಮುಗಿಯುವವರೆಗೆ ಅವಳು ಫೋನು ಕಿವಿಗೆ ಹಿಡಿದೇ ಇದ್ದಳು.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಮುದಕಮ್ಮಳ ದಸ್ತಗಿರಿಯಾಯಿತು. ದಸ್ತಗಿರಿ ಪತ್ರಕ್ಕೆ ಹೊನ್ನೂರಪ್ಪ ಸಹಿ ಹಾಕಿದ. ರಂಜಿತಾ, ಕಲ್ಲೇಶ ಸೇರಿ ಅವಳನ್ನು ಕುರ್ಚಿಸಮೇತ ಎತ್ತಿ ಜೀಪಿಗೆ ಕೂರಿಸಿದರು. ಓಣಿಯ ಜನ ಗೇಟುಗಳಲ್ಲಿ ನಿಂತು ನೋಡಿದರು.

ಕೋರ್ಟಿನ ದಾರಿಯಲ್ಲಿ ಮುದಕಮ್ಮ ಮೊದಲು ಕೇಳಿದ್ದು ಯಮನೂರನ ಕೈಗಳ ಬಗ್ಗೆ.

"ಬಲಗೈ ಬೆರಳು ಮಡಚಾಕ ಬರ್ತಾವೋ ಇಲ್ಲೋ, ಇನ್ನಾ ಗೊತ್ತಿಲ್ಲ," ಎಂದಳು ಶಿವಲೀಲಾ.

ಮುದಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಸೆರಗು ಸರಿಸಿದಳು.

"ನನ್ನ ಕಾಲಿನ ಸೇಡು ಅಂತ ತಿಳಕೊಂಡಿರಬೇಕು ನೀವು. ಅಲ್ರಿ. ಆ ಮಂಚದ ಮ್ಯಾಲೆ ಕುಂತು ನನಗ ಬ್ಯಾರೆ ಏನೂ ಕಾಣತಿರಲಿಲ್ಲ, ಆ ತಾಡಪತ್ರಿ ಒಂದ. ಅವತ್ತ ಗಾಳಿ ಇರಲಿಲ್ಲ, ತಾಡಪತ್ರಿ ಅಳ್ಳಾಡಿತು. ಯಮನೂರ ಪೈಪ್ ತಗಿಯಾಕ ಬರಿಗೈ ಹಾಕಿ ತಡಕಾಡಾಕ ಹತ್ತಿದ್ದ. ಒದರಿದೆ. ನೀರಿನ ಮೋಟರ್ ಸಪ್ಪಳಕ್ಕ ಕೇಳಲಿಲ್ಲ. ಪೈಪ್ ತಗೊಂಡು ಅವ ಮುಂದಿನ ಕಡಿ ಹೋದ. ಇವತ್ತ ಉಳದ, ನಾಳೆ ಮತ್ತ ಕೈ ಹಾಕ್ತಾನ ಅನಸ್ತು. ಅವ ಇಲ್ಲದಾಗ ಸುಟ್ಟಬಿಡೋಣ ಅಂದೆ. ಒಳಗ ಪೆಟ್ರೋಲ್ ಇದ್ದದ್ದು ನನಗೇನ್ ಗೊತ್ರಿ? ಅವ ಓಡಿ ಬಂದು ಬೆಂಕ್ಯಾಗ ಕೈ ಹಾಕ್ತಾನ ಅಂತ..."

ಎದುರಿಗೆ ಭತ್ತದ ಟ್ರ್ಯಾಕ್ಟರ್ ಅಡ್ಡ ಬಂದು ಜೀಪು ನಿಂತಿತು.

"ನೀವು ಬೂದ್ಯಾಗ ಎಲ್ಲಾ ಹುಡುಕೀರಂತಲ್ರಿ," ಎಂದಳು ಮುದಕಮ್ಮ. "ಆ ಹಾವು ಸತ್ತಿತ್ತೇನು?"

ಆ ಬೂದಿಯನ್ನು ಶಿವಲೀಲಾ ಕೈಯಾರೆ ಜರಡಿ ಹಿಡಿದಿದ್ದಳು. ಸಿಕ್ಕ ಮೊಳೆಯನ್ನೂ ಬಿಡದೆ ಬರೆಸಿದ್ದಳು.

"ಇಲ್ಲವ್ವ," ಎಂದಳು. "ಅಲ್ಲಿ ಏನೂ ಇರಲಿಲ್ಲ."