ಸೋಮವಾರ ಕಾಣೆಯಾದ ಬೇರಿಂಗ್

ಆ ಸೋಮವಾರ ಹನ್ನೆರಡು ಗಂಟೆಗೆ ವಾಚ್‌ಮನ್ ಅಂಬಾರಾಯ ನಮ್ಮ ಬಾಗಿಲಲ್ಲಿ ನಿಂತು, ನನ್ನನ್ನು ದಾಟಿ ಒಳಗೆ ಇಣುಕಿದ. ಕಷ್ಟ ಹೇಳಿಕೊಳ್ಳಲು ಬಂದವರು ಯಾರೂ ನನ್ನನ್ನು ನೋಡುವುದಿಲ್ಲ. ಅವರಿಗೆ ಬೇಕಾದವಳು ನನ್ನ ಹೆಂಡತಿ ಹರಿಣಾಕ್ಷಿ. ಮುಂಬೈ ಹತ್ತಿರದ ಡೊಂಬಿವ್ಲಿಯ ನಮ್ಮ ವಸತಿ ಸೊಸೈಟಿಯಲ್ಲಿ ಹಾಲಿನ ಪ್ಯಾಕೆಟ್ ಕಳೆದರೂ, ಟೆರೇಸಿನ ಬೀಗ ಮಾಯವಾದರೂ ಅವಳೇ ಪತ್ತೆ ಮಾಡಬೇಕು. ಮುರಾರಿ ಎಂಬ ನಾನು ಚಪ್ಪಲಿ ಮೆಟ್ಟಿ ಅವಳ ಹಿಂದೆ ಓಡಬೇಕು. ಇದು 2008ರ ಮೇ ತಿಂಗಳ ಮಾತು.

"ಅಕ್ಕಾರ, ಕುಶಲ ಸಾಹೇಬ್ರ ಬೇರಿಂಗ್ ನಾ ಕದ್ದಿಲ್ರಿ. ಸಂಜೀ ಒಳಗ ಸಿಗಲಿಲ್ಲಂದ್ರ ಸೆಕ್ರೆಟರಿಗೆ ಹೇಳ್ತೀನಿ ಅಂದಾರ. ನೌಕರಿ ಹೋದ್ರ ಹೋಗ್ಲಿ, ಕಳ್ಳ ಅನ್ನಿಸ್ಕೊಂಡು ಊರಿಗೆ ಹ್ಯಾಂಗ ಹೋಗ್ಲಿ?"

ಹನ್ನೊಂದು ವರ್ಷದಲ್ಲಿ ಅವನ ಗೇಟು ದಾಟಿ ಒಂದು ಪೊರಕೆಯೂ ಹೋಗಿರಲಿಲ್ಲ. ಹರಿಣಾಕ್ಷಿ ಒಲೆ ಆರಿಸಿದಳು.

ಕಂಪೌಂಡಿನಲ್ಲಿ ನೆರೆಮನೆಯ ಕುಶಲನ ಹಳೆಯ ಬಿಳಿ ಕಾರು ಒಂದು ಹಿಂಚಕ್ರ ಕಳಚಿಕೊಂಡು ಜಾಕಿನ ಮೇಲಿತ್ತು. ಕಲ್ಯಾಣದ ಹೋಟೆಲೊಂದರ ಮ್ಯಾನೇಜರ್ ಆದ ಕುಶಲನಿಗೆ ಸೋಮವಾರ ರಜೆ. ಆ ಚಕ್ರ ಗೇಟು ದಾಟುವ ಮೊದಲೇ ಗೊಂಯ್ ಎಂದು ಗೋಳಾಡತೊಡಗಿ ಎರಡು ತಿಂಗಳಾಗಿತ್ತು. ಚಕ್ರದೊಳಗಿನ ಉಕ್ಕಿನ ಬಳೆಯಾದ ಬೇರಿಂಗನ್ನು ತಾನೇ ಬದಲಿಸುವೆನೆಂದು ಅವನು ಹೇಳಿದಾಗ, ಠಾಣೆಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದ ಅವನ ಮಾವ ಲೀಲಾಧರ ಎಲ್ಲರೆದುರು ನಕ್ಕಿದ್ದರು. "ಹಾಗಾದರೆ ನನ್ನ ಕಾರು ಮುಟ್ಟಬೇಡಿ" ಎಂದಿದ್ದ ಅಳಿಯ. ಅಂದಿನಿಂದ ಇಬ್ಬರೂ ಒಂದೇ ಮನೆಯಲ್ಲಿದ್ದು ಮಾತು ಬಿಟ್ಟಿದ್ದರು. ಊಟಕ್ಕೆ ಉಪ್ಪು ಬೇಕಾದರೂ ನಡುವೆ ಕುಶಲನ ಹೆಂಡತಿ ಜಯಲತಾ ಬೇಕಿತ್ತು.

"ಹತ್ತೂವರೆಗೆ ಹೊಸ ಬೇರಿಂಗ್ ಇಲ್ಲಿ ಕಲ್ಲಿನ ಮೇಲಿಟ್ಟು ಚಾ ಕುಡೀಲಿಕ್ಕೆ ಹೋದೆ. ಬಂದು ನೋಡಿದ್ರೆ ಡಬ್ಬ ಉಂಟು, ಬೇರಿಂಗ್ ಇಲ್ಲ!" ಎಂದ ಕುಶಲ. "ಆಗ ಕೆಳಗಿದ್ದವ ಅಂಬಾರಾಯ ಒಬ್ಬನೇ. ನೆರಳಲ್ಲಿದ್ದ ಚಕ್ರದ ಡ್ರಮ್ಮನ್ನೂ ಎಳೆದು ಬಿಸಿಲಿಗೆ ಹಾಕಿದ್ದಾನೆ."

ಹರಿಣಾಕ್ಷಿ ಖಾಲಿ ಡಬ್ಬ ನೋಡಿದಳು. ಬೇರಿಂಗ್ ಕೂರುವ ಕಬ್ಬಿಣದ ಡ್ರಮ್ಮನ್ನು ಮುಟ್ಟಿ ಸರಕ್ಕನೆ ಕೈ ಹಿಂದೆಗೆದಳು. ಅದು ಕಾದ ಕಾವಲಿಯಂತಿತ್ತು. ಆಮೇಲೆ ಮೆಟ್ಟಿಲ ಮೇಲೆ ಪೇಪರ್ ಓದುತ್ತಿದ್ದ ಲೀಲಾಧರರ ಕಡೆ ತಿರುಗಿದಳು. ಸೊಸೈಟಿಯ ಬೆಕ್ಕು ಅವರ ಬೆರಳು ನೆಕ್ಕುತ್ತಿತ್ತು. ಅವರು ಎಷ್ಟು ಓಡಿಸಿದರೂ ಮತ್ತೆ ಬರುತ್ತಿತ್ತು.

"ಜಯಲತಾ, ಇವತ್ತು ಅಡುಗೆ ಎಂತ?" ಎಂದು ಗಲಾಟೆ ಕೇಳಿ ಕೆಳಗೆ ಬಂದಿದ್ದ ಜಯಲತಾಳನ್ನು ಕೇಳಿದಳು.

"ಸೋಮವಾರ ಅಲ್ವಾ ಅಕ್ಕ, ಬೆಂಡೆಕಾಯಿ ಹುಳಿ. ಮೀನಿನ ಡಬ್ಬ ನಾಳೆವರೆಗೆ ಮುಟ್ಟುವಂತಿಲ್ಲ."

ಹರಿಣಾಕ್ಷಿ ನಕ್ಕಳು. ಆ ನಗು ಬಂದರೆ ನನಗೆ ಊಟ ಬೇಗ ಸಿಗುತ್ತದೆಂದು ಖಾತ್ರಿ. ಅವಳು ಸೆಕ್ರೆಟರಿಯನ್ನೂ ಕೆಳಗೆ ಕರೆಸಿದಳು.

"ಕುಶಲಣ್ಣ, ಮಾರುವ ಕಳ್ಳ ಡಬ್ಬ ಬಿಟ್ಟು ಹೋಗ್ತಾನಾ? ಡಬ್ಬ ಇದ್ರೆ ತಾನೆ ಹೊಸ ಮಾಲು ಅಂತ ಹೇಳ್ಲಿಕ್ಕಾಗುವುದು? ಮತ್ತೆ, ಕದಿಯುವವನಿಗೆ ಡ್ರಮ್ಮನ್ನು ಬಿಸಿಲಿಗೆ ಹಾಕುವ ಕೆಲಸ ಯಾಕೆ? ಬಿಸಿಯಾದರೆ ಕಬ್ಬಿಣ ಹಿಗ್ಗುತ್ತದೆ, ತಂಪಾದರೆ ಕುಗ್ಗುತ್ತದೆ. ಡ್ರಮ್ ಬಿಸಿಲಲ್ಲಿದ್ರೆ ಬೇರಿಂಗ್ ತಂಪಲ್ಲಿರಬೇಕು. ಹಾಗೆ ಮಾಡಿದ್ರೆ ಸುತ್ತಿಗೆಯಲ್ಲಿ ಬಡಿದು ಹಾಳು ಮಾಡದೆ ಕೂರಿಸಬಹುದು. ಇದು ಗೊತ್ತಿರುವುದು ಪಳಗಿದ ಫಿಟ್ಟರಿಗೆ. ಇನ್ನು, ಮೀನಿಲ್ಲದ ಸೋಮವಾರ ಬೆಕ್ಕಿಗೆ ಪ್ರಿಯವಾದ ಬೆರಳು ಯಾರದ್ದು? ಜಯಲತಾ, ಫ್ರೀಜರಿನ ಮೀನಿನ ಡಬ್ಬ ತಾ."

ಡಬ್ಬದಲ್ಲಿ ಆರು ಬಂಗುಡೆಗಳ ನಡುವೆ, ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿದ ಬೇರಿಂಗ್ ತಣ್ಣಗೆ ಮಲಗಿತ್ತು.

ಲೀಲಾಧರ ಪೇಪರ್ ಮಡಚಿದರು. "ಸೋಮವಾರ ಆ ಡಬ್ಬ ಯಾರೂ ತೆಗೀಲಿಕ್ಕಿಲ್ಲ ಅಂತ ಅಲ್ಲಿಟ್ಟೆ. ಗಂಟೆಯೊಳಗೆ ಸುಮ್ಮನೆ ತಂದಿಡುವ ಅಂತಿದ್ದೆ. ಅಷ್ಟರಲ್ಲಿ ಇವ ಬೊಬ್ಬೆ ಹೊಡೆದ. ಕಾರು ಮಾತ್ರ ನಾನು ಮುಟ್ಟಲಿಲ್ಲ."

"ನೀವು ಬಾಯಿ ಮುಚ್ಚಿ ಕೂತದ್ದಕ್ಕೆ ಅಂಬಾರಾಯಣ್ಣ ಕಳ್ಳ ಆಗ್ತಿದ್ದ" ಎಂದಳು ಹರಿಣಾಕ್ಷಿ, ಈ ಸಲ ನಗದೆ.

ಲೀಲಾಧರ ಎದ್ದು ಅಂಬಾರಾಯನ ಕೈ ಹಿಡಿದರು. "ತಪ್ಪಾಯ್ತು ಮಾರಾಯ." ಕುಶಲನ ಮುಖ ಕೆಂಪಗಾಗಿತ್ತು. "ನಂದೂ ತಪ್ಪಾಯ್ತು ಅಂಬಾರಾಯ," ಎಂದವನು ಲೀಲಾಧರರ ಕಡೆ ತಿರುಗಿ, "ಮಾವ, ಇದನ್ನು ಹೇಗೆ ಕೂರಿಸುವುದು, ತೋರಿಸಿ" ಎಂದ.

"ನೀನೇ ಕೂರಿಸು. ಓರೆ ಆಗದ ಹಾಗೆ ನಾನು ನೋಡ್ತೇನೆ."

ಬೇರಿಂಗ್ ಡ್ರಮ್ಮಿನೊಳಗೆ ತಕರಾರಿಲ್ಲದೆ ಇಳಿಯಿತು. ನಾವೆಲ್ಲ ಮಕ್ಕಳಂತೆ ಚಪ್ಪಾಳೆ ತಟ್ಟಿದೆವು, ಸೆಕ್ರೆಟರಿ ಕೂಡ. ನಾಲ್ಕು ಗಂಟೆಗೆ ಚಕ್ರ ನೆಲಕ್ಕಿಳಿಯಿತು. ಕುಶಲ ಹಟ ಮಾಡಿ ಅಂಬಾರಾಯನನ್ನು ಮುಂದಿನ ಸೀಟಿನಲ್ಲಿ ಕೂರಿಸಿದ. ಲೀಲಾಧರ ಹಿಂದೆ, ಆ ಚಕ್ರದ ಪಕ್ಕದಲ್ಲೇ ಕಿವಿಗೊಟ್ಟು ಕೂತರು. ಕಂಪೌಂಡಿಗೆ ಎರಡು ಸುತ್ತು ಹಾಕಿದರೂ ಗೊಂಯ್ ಎನ್ನಲಿಲ್ಲ.

ಕಾರು ಗೇಟಿನ ಮುಂದೆ ನಿಂತಿತು. ಅಂಬಾರಾಯ ಅಭ್ಯಾಸಬಲದಿಂದ ಬಾಗಿಲ ಹಿಡಿಗೆ ಕೈ ಹಾಕಿದ.

"ಕೂತ್ಕೊ" ಎಂದ ಕುಶಲ. ತಾನೇ ಇಳಿದು ಹೋಗಿ ಗೇಟು ತೆರೆದ.